ಕುಂಕುಮಕ್ಕೆ ವಾರಂಟಿ ಇಲ್ಲ

ಚುಕ್ಕಿ ಕೆಂಪಾಗಿತ್ತು. ಆ ದಿನದ ಮಿಕ್ಕ ವಿವರಗಳನ್ನು ಆಮೇಲೆ ಬೇರೆ ಬೇರೆಯವರಿಗೆ ಹೇಳಿದ್ದೇನೆ, ಹೇಳುವಾಗೆಲ್ಲ ಸ್ವಲ್ಪ ತಿದ್ದಿದ್ದೇನೆ. ಯಾವುದು ನಡೆದದ್ದು, ಯಾವುದು ನಾನು ಹೊಲಿದು ಸೇರಿಸಿದ್ದು ಎಂದು ಈಗ ಬಿಡಿಸಿ ಹೇಳಲಾರೆ. ಚುಕ್ಕಿಯ ವಿಷಯದಲ್ಲಿ ಮಾತ್ರ ಆ ಕಷ್ಟವಿಲ್ಲ. ಅದರ ಫೋಟೋ ಇದೆ.

ಪನ್ವೇಲ್ ಹತ್ತಿರದ ಕಾಮೋಠೆಯ ಒಂದು ಫ್ಲ್ಯಾಟಿನ ಹಾಲಿನಲ್ಲಿ, ನೆಲಕ್ಕೆ ಹಾಸಿದ ಹಳೆಯ ಮರಾಠಿ ಪೇಪರಿನ ಮೇಲೆ ಗೇಮ್ ಕನ್ಸೋಲೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಬಿಚ್ಚಿದವನು ನಾನು. ಅಂಥ ಯಂತ್ರದೊಳಗೆ, ಫ್ಯಾನಿನ ಪಕ್ಕದಲ್ಲಿ, ಸಾಸಿವೆಗಿಂತ ತುಸು ದೊಡ್ಡದಾದ ಒಂದು ಕಾಗದದ ಚುಕ್ಕಿಯನ್ನು ಅಂಟಿಸಿರುತ್ತಾರೆ. ಒಣಗಿದ್ದಷ್ಟು ಕಾಲ ಅದು ಬಿಳಿ. ನೀರು ತಗುಲಿದರೆ ಕೆಂಪಾಗುತ್ತದೆ, ಮತ್ತೆ ಯಾವತ್ತೂ ಬಿಳಿಯಾಗುವುದಿಲ್ಲ. ನೀರು ಬಿದ್ದ ಯಂತ್ರಕ್ಕೆ ವಾರಂಟಿ ಇಲ್ಲ.

ಟೀವಿ, ಫ್ರಿಜ್ಜು, ಕನ್ಸೋಲು ಏನೇ ಕೊಂಡರೂ ಬಿಲ್ ಮಾಡುವ ಹೊತ್ತಿಗೆ ಅಂಗಡಿಯವರು ಕೇಳುತ್ತಾರಲ್ಲ, ಎಕ್ಸ್‌ಟೆಂಡೆಡ್ ವಾರಂಟಿ ಬೇಕೇ ಎಂದು. ಅದನ್ನು ಮಾರುವ ಕಂಪನಿಯೊಂದರಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ವಸ್ತು ಕೆಟ್ಟಿತೆಂದು ಯಾರಾದರೂ ಕ್ಲೇಮ್ ಹಾಕಿದರೆ, ಮನೆಗೆ ಹೋಗಿ, ಬಿಚ್ಚಿ, ಹೇಗೆ ಕೆಟ್ಟಿತೆಂದು ಬರೆಯುವುದು ನನ್ನ ಕೆಲಸ. ರಿಪೇರಿ ಮಾಡುವವನು ಬೇರೆ. ಕ್ಲೇಮ್ ಒಪ್ಪಿಗೆಯಾದರೆ ಮಾತ್ರ ಅವನು ಬರುತ್ತಾನೆ. ಡೊಂಬಿವಲಿಯಲ್ಲಿ ಹುಟ್ಟಿಯೂ ಕನ್ನಡ ಬಾಯಲ್ಲಿ ಉಳಿಸಿಕೊಂಡವನೆಂದು, ಕಲ್ಯಾಣದಿಂದ ಪನ್ವೇಲ್‌ವರೆಗಿನ ಕನ್ನಡದ ಮನೆಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು.

ಆ ಮನೆಯಲ್ಲಿ ಇದ್ದವರು ಮೂವರು. ಗಂಡ ಠಾಣೆ ಪಟ್ಟಣದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಅರ್ಧ ಆಯುಷ್ಯ ಕಳೆದವರು. ಒಂದು ಬೆಳಿಗ್ಗೆ ಅದೇ ಕಾವಲಿಯ ಮುಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಾಲು, ಮಾತು ನಿಧಾನವಾಗಿ ತಿರುಗಿ ಬಂದವು. ಕೈ ಬರಲಿಲ್ಲ. ಹೆಂಡತಿ ಮನೆಯಲ್ಲೇ ಚಪಾತಿ ಮಾಡಿ ಕೊಡುತ್ತಿದ್ದರು. ಮಗಳು ಸೀವುಡ್ಸ್‌ನ ಮಾಲ್‌ನಲ್ಲಿ ಕೆಲಸಕ್ಕಿದ್ದಳು. ಕನ್ಸೋಲ್ ತಂದವಳು ಅವಳೇ, ವಾರಂಟಿ ತೆಗೆದವಳೂ ಅವಳೇ.

ಯಾಕೆ ತಂದಳೆಂದು ತಾಯಿ ಹೇಳಿದರು. "ಫಿಸಿಯೋದ ಹುಡುಗಿ ರಬ್ಬರ್ ಚೆಂಡು ಒತ್ತಿ ಅಂತ ಕೊಟ್ರೆ ಇವರು ಬಿಸಾಡುದು. ನಾನೆಂತ ಬಾಲವಾಡಿಗೆ ಹೋಗುವವನಾ ಅಂತ. ಅದಕ್ಕೆ ಆ ಹುಡುಗಿಯೇ ಹೇಳಿದ್ದು, ಬೆರಳು ಓಡುವ ಎಂತ ಆಟ ಆದ್ರೂ ಆಗ್ತದೆ ಅಂತ. ಇದ್ರಲ್ಲಿ ಕಾರು ಓಡಿಸ್ತಾರೆ ಮಾರಾಯ್ರೆ. ಮಗಳ ಹತ್ರ ಸೋತ್ರೆ ಊಟ ಮಾಡುದಿಲ್ಲ."

"ಸೋತದ್ದು ಎಷ್ಟು ಸಲ, ಅದನ್ನೂ ಹೇಳು," ಎಂದರು ಕುರ್ಚಿಯಿಂದ ಗಂಡ.

"ಪಪ್ಪಾ ಚೀಟಿಂಗ್ ಕರ್ತೇ ಹೈಂ," ಎಂದಳು ಮಗಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

ಯಂತ್ರ ನಿಂತ ಮೇಲೆ ಅವರು ಬೇರೆ ಏನನ್ನೂ ಹಿಡಿಯಲು ಒಪ್ಪಿರಲಿಲ್ಲ. ಸ್ವಲ್ಪ ಬಿಚ್ಚಿಕೊಳ್ಳುತ್ತಿದ್ದ ಬೆರಳುಗಳು ಮತ್ತೆ ಒಳಮುಖವಾಗಿ ಮಡಚಿಕೊಳ್ಳತೊಡಗಿದ್ದವು. ಹೋಟೆಲಿನ ಯಜಮಾನರು ಕೈ ಬಂದರೆ ಜಾಗ ಇದೆ ಎಂದಿದ್ದರಂತೆ. ಕಾವಲಿಯ ಮುಂದೆ ಆಗಲೇ ಬೇರೊಬ್ಬ ನಿಂತಿದ್ದ. ಆ ಕೈ ಮಡಿಲಲ್ಲಿ ಬಿದ್ದಿತ್ತು, ಯಾರೋ ತಂದಿಟ್ಟು ಮರೆತು ಹೋದ ಹಾಗೆ. ಈ ಹೋಲಿಕೆ ಆಗ ಹೊಳೆದದ್ದಲ್ಲ, ಈಗ ಹೊಳೆದದ್ದು. ಆಗ ನನ್ನ ಗಮನ ಸ್ಕ್ರೂಗಳ ಮೇಲಿತ್ತು.

ನಮ್ಮ ಕೆಲಸದ ಕ್ರಮ ಹೀಗೆ. ಮೊಬೈಲಿನ ಆ್ಯಪ್ ಕೇಳಿದ ಅನುಕ್ರಮದಲ್ಲೇ ಫೋಟೋ ಹೊಡೆಯಬೇಕು. ಮೊದಲು ಸೀರಿಯಲ್ ನಂಬರ್, ಆಮೇಲೆ ನಾಲ್ಕೂ ಮಗ್ಗುಲು, ಬಿಚ್ಚಿದ ಮೇಲೆ ಫ್ಯಾನ್, ಕೊನೆಗೆ ಚುಕ್ಕಿ. ಹೊಡೆದ ಕ್ಷಣಕ್ಕೇ ಫೋಟೋ ಐರೋಲಿಯ ನಮ್ಮ ಆಫೀಸಿಗೆ ಹೋಗುತ್ತದೆ. ಅಳಿಸಲು ಬರುವುದಿಲ್ಲ. ಚುಕ್ಕಿಯಲ್ಲಿ ಕೆಂಪು ಕಂಡರೆ ಆ್ಯಪ್ ತಾನೇ 'ದ್ರವದಿಂದ ಹಾನಿ' ಎಂದು ಬರೆದುಕೊಂಡು ಕ್ಲೇಮನ್ನು ತಿರಸ್ಕರಿಸುತ್ತದೆ. ನಾನು ಫೋಟೋ ಹೊಡೆದೆ. ಹೊಡೆದ ಮೇಲೆ ನೋಡಿದೆ. ನಮ್ಮ ಕೆಲಸದಲ್ಲಿ ಕಣ್ಣಿಗಿಂತ ಮೊದಲು ಹೆಬ್ಬೆರಳು ಓಡುತ್ತದೆ.

ನೋಡಿದರೆ, ಚುಕ್ಕಿ ಒಂದೇ ಅಲ್ಲ, ಫ್ಯಾನಿನ ರೆಕ್ಕೆಗಳ ಅಂಚೂ ಕೆಂಪು. ಗಾಳಿ ಒಳಗೆ ಎಳೆಯುವ ಜಾಲರಿಯ ಸಂದುಗಳಲ್ಲೂ ಕೆಂಪು. ಬೆರಳಿನಿಂದ ಒರೆಸಿದೆ. ಪುಡಿ. ಮೂಗಿಗೆ ಹಿಡಿದರೆ ದೇವರ ಕೋಣೆಯ ವಾಸನೆ.

"ಅಕ್ಕಾ, ಇದಕ್ಕೆ ಕುಂಕುಮ ಹಾಕಿದ್ದೀರಾ?"

ತಾಯಿ ನಾಲಿಗೆ ಕಚ್ಚಿಕೊಂಡರು. ಮಗಳು ಗೋಡೆ ನೋಡಿದಳು. ಉತ್ತರ ಬಂದದ್ದು ಕುರ್ಚಿಯಿಂದ.

"ಆಯುಧಪೂಜೆ ದಿವ್ಸ. ಹಾಕದೆ ಮತ್ತೆ? ಹೋಟೆಲಲ್ಲಿ ಕಾವಲಿಗೆ, ಗ್ರೈಂಡರಿಗೆ, ಸಟ್ಟುಗಕ್ಕೆ ಸಹ ಹಾಕ್ತಿದ್ದೆ ನಾನು. ಈಗ ನನ್ನ ಆಯುಧ ಯಾವುದು? ಇದೇ ಅಲ್ವಾ?"

"ನಾನು ಹಾಕ್ತೇನೆ ಅಂದೆ," ಎಂದರು ತಾಯಿ. "ಕೇಳ್ಬೇಕಲ್ಲ! ಬಲಗೈಯಲ್ಲೇ ಹಾಕ್ಬೇಕು ಅಂತ ಹಟ. ಅರ್ಧ ಭರಣಿ ಅದರ ಮೇಲೆ."

"ಹಾಥ್ ಕಾಂಪ್ ರಹಾ ಥಾ ನಾ," ಎಂದಳು ಮಗಳು ಮೆಲ್ಲಗೆ. ಕೈ ನಡುಗುತ್ತಿತ್ತಲ್ಲ ಎಂದು. ಆಮೇಲೆ, ನನ್ನ ಮುಖ ನೋಡಿಯೋ ಏನೋ, ಮೊದಲ ಸಲ ಕನ್ನಡದಲ್ಲಿ: "ಮೂರು ಬೆರಳು ಸೇರಿಸಿ ಪಪ್ಪಾ ಏನಾದ್ರೂ ಹಿಡಿದದ್ದು ಅದೇ ಫಸ್ಟ್ ಟೈಮ್."

ಹೆಬ್ಬೆರಳು, ತೋರುಬೆರಳು, ನಡುಬೆರಳು. ಕುಂಕುಮ ಹಿಡಿಯಲು ಬೇಕಾದದ್ದು ಅಷ್ಟೇ. ಸಟ್ಟುಗಕ್ಕೂ ಹೆಚ್ಚುಕಡಿಮೆ ಅಷ್ಟೇ.

ನಾನು ಒಣ ಬ್ರಷ್ಷಿನಿಂದ ಸ್ವಲ್ಪ ಪುಡಿಯನ್ನು ಬಿಳಿ ಕಾಗದಕ್ಕೆ ಉದುರಿಸಿ, ಲಿಂಬೆಹಣ್ಣು ಕೇಳಿದೆ. ಮನೆಯಲ್ಲೇ ಅರಸಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮವಾದರೆ ಹುಳಿ ತಾಗಿದೊಡನೆ ಹಳದಿಗೆ ತಿರುಗುತ್ತದೆ. ಆರತಿಯ ಓಕುಳಿ ಕದಡಿದವರಿಗೆಲ್ಲ ಗೊತ್ತಿರುವ ಸಂಗತಿ. ಒಂದು ಹನಿ ಹಿಂಡಿದೆ. ಹಳದಿಯಾಯಿತು. "ನಮ್ಮ ಅತ್ತಿಗೆ ಮಾಡಿದ್ದು, ಊರಿಂದ ಬಂದದ್ದು," ಎಂದರು ತಾಯಿ, ಪರೀಕ್ಷೆ ಪಾಸಾದವರ ಹಾಗೆ.

ಆದರೆ ಆ ಹನಿಯನ್ನು ಚುಕ್ಕಿಯ ಮೇಲೆ ಹಿಂಡುವ ಹಾಗಿರಲಿಲ್ಲ. ಹಿಂಡಿದರೆ ಕುಂಕುಮ ಹಳದಿಯಾಗಿ, ಅದರಡಿಯ ಚುಕ್ಕಿ ಒದ್ದೆಯಾದದ್ದಕ್ಕೆ ನಿಜಕ್ಕೂ ಕೆಂಪಾಗುತ್ತಿತ್ತು. ಬ್ರಷ್ಷಿನಿಂದ ಉಜ್ಜಿದರೂ ಆ ಒರಟು ಕಾಗದದ ಎಳೆಗಳಲ್ಲಿ ಬಣ್ಣ ಉಳಿಯಿತು. ನೀರು ಬಿದ್ದಿಲ್ಲವೆಂದು ತೋರಿಸಲು ನನ್ನಲ್ಲಿದ್ದ ಉಪಾಯಕ್ಕೆ ನೀರೇ ಬೇಕಾಗಿತ್ತು.

ಐರೋಲಿಗೆ ಫೋನ್ ಮಾಡಿದೆ. ಅಲ್ಲಿ ಕ್ಲೇಮ್ ಡೆಸ್ಕ್ ನೋಡಿಕೊಳ್ಳುವವರು ಧಾರವಾಡದ ಕಡೆಯ ಒಬ್ಬ ಮೇಡಂ.

"ಮೇಡಂ, ಅದು ನೀರಲ್ಲ. ಕುಂಕುಮ. ಆಯುಧಪೂಜೆ ಮಾಡಿದ್ದಾರೆ."

"ಆಟ ಆಡೋ ಡಬ್ಬಿಗೆ ಆಯುಧಪೂಜಿ! ಚಲೋ ಮಂದಿ ಸಿಕ್ಕಾರ ನೋಡ್ರಿ ನಿಮಗ." ನಕ್ಕರು. ನಗು ಮುಗಿದ ಮೇಲೆ ಹೇಳಿದರು: "ಹಂಗಾದ್ರ ದ್ರವ ತಗದು ಹೊರವಸ್ತು ಅಂತ ಹಾಕ್ತೀನಿ. ಪುಡಿ, ಮಣ್ಣು, ಬೂದಿ ಎಲ್ಲಾ ಅದರಾಗ ಬರತಾವು. ಅದಕ್ಕೂ ಕವರ್ ಇಲ್ಲ."

"ಎರಡೂ ಅಲ್ಲ ಅಂದರೆ?"

"ಮತ್ತೇನ್ರಿ, ಇರವಿ ಹೊಕ್ಕಾವೇನು? ಅದಕ್ಕೂ ಇಲ್ಲ. ಸ್ಕ್ರೂ ಹಾಕಿ ಹೊಂಡ್ರಿ, ಕೋಪರ್‌ಖೈರಣೆ ಕೇಸ್ ಕಾಯ್ತೈತಿ."

ಅಂದರೆ, ನೀರಲ್ಲವೆಂದು ನಾನು ಸಾಬೀತು ಮಾಡಿದಷ್ಟೂ ಕುಂಕುಮ ಸಾಬೀತಾಗುತ್ತಿತ್ತು. ಎರಡು ಬಾಗಿಲು, ಎರಡೂ ಅದೇ ಕೋಣೆಗೆ. ಹಾಲಿನಲ್ಲಿ ಸೆಕೆ. ಹೊರಗೆ ಕಟ್ಟಡ ಏಳುತ್ತಿದ್ದ ಧೂಳಿಗೆ ಕಿಟಕಿ ಮುಚ್ಚಿದ್ದರು. ಕಿಟಕಿಗೆ ಪೆಟ್ಟಿಗೆಯ ಹಾಗೆ ಹೊರಚಾಚಿದ ಗ್ರಿಲ್, ಅದರೊಳಗೆ ಒಣಗುತ್ತಿದ್ದ ಬಟ್ಟೆ. ಗಂಡ ಹೆಂಡತಿಯತ್ತ ತಿರುಗಿ ತುಳುವಿನಲ್ಲಿ "ದಾದ ಪಂಡೆರ್?" ಎಂದರು. ಏನಂದರಂತೆ ಎಂದು. ಹೆಂಡತಿ ಲಿಂಬೆಯ ಹೋಳನ್ನು ಎತ್ತಿಕೊಂಡು ಒಳಗೆ ಹೋದರು.

ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು ಆ ಮಡಿಲ ಕೈಯನ್ನು ನೋಡಿ, ಏನಾದರಾಗಲಿ ಎಂದು ಸ್ಕ್ರೂಡ್ರೈವರ್ ಮತ್ತೆ ಹಿಡಿದೆ. ಇನ್ನೊಂದರಲ್ಲಿ ನನಗೆ ಕೈಯ ನೆನಪೇ ಇಲ್ಲ. ಒಣಗಿದ ಕುಂಕುಮದಿಂದ ಯಂತ್ರ ಹೀಗೆ ಪೂರ್ತಿ ಸಾಯುವುದಿಲ್ಲವಲ್ಲ, ಹಾಗಾದರೆ ಸತ್ತದ್ದು ಯಾವುದರಿಂದ ಎಂಬ ಕಿರಿಕಿರಿ ಮಾತ್ರ. ಮೊದಲನೆಯದು ಹೇಳಲು ಚೆನ್ನಾಗಿದೆ. ನಿಜ ಎರಡನೆಯದಿರಬೇಕು. ಏನೇ ಇರಲಿ, ಫ್ಯಾನಿಗೆ ಪುಡಿ ಕಟ್ಟಿ ಬಿಸಿಯಾಗಿದ್ದರೆ ಯಂತ್ರ ಸ್ವಲ್ಪ ಹೊತ್ತು ಓಡಿ ನಿಲ್ಲಬೇಕಿತ್ತು. ಇದು ಬಟನ್ ಒತ್ತಿದರೆ ದೀಪವೂ ಹತ್ತುತ್ತಿರಲಿಲ್ಲ. ಫ್ಯಾನ್ ಬೆರಳು ತಾಗಿಸಿದರೆ ಹಗುರಾಗಿ ತಿರುಗುತ್ತಿತ್ತು.

ನಿಯಮದ ಪ್ರಕಾರ, ತಿರಸ್ಕಾರ ಬಂದ ಮೇಲೆ ಇನ್‌ಸ್ಪೆಕ್ಟರ್ ಇನ್ನೊಂದು ಸ್ಕ್ರೂ ಕೂಡ ಬಿಚ್ಚಬಾರದು. ಬಿಚ್ಚಿದರೆ ಆಮೇಲಿನ ಹಾನಿಯೆಲ್ಲ ಅವನ ತಲೆಗೆ. ನಾನು ಅದನ್ನು ಮನೆಯವರಿಗೆ ಹೇಳಿದೆ.

"ಬಿಚ್ಚಿ ಮಾರಾಯ್ರೆ," ಎಂದರು ಗಂಡ. "ಸತ್ತದ್ದು ಇನ್ನೆಷ್ಟು ಸಾಯ್ತದೆ?"

ಪವರ್ ಸಪ್ಲೈ ಕಪ್ಪು ಇಟ್ಟಿಗೆಯ ಹಾಗೆ ಒಂದು ಮುಚ್ಚಿದ ಪೆಟ್ಟಿಗೆ. ಗೋಡೆಯ ಕರೆಂಟನ್ನು ತೆಗೆದುಕೊಂಡು ಬೋರ್ಡಿಗೆ ಬೇಕಾದಷ್ಟೇ ಇಳಿಸಿ ಕೊಡುವುದು ಅದರ ಕೆಲಸ. ಅದನ್ನು ಹೊರಗೆತ್ತಿ, ಬೇರೆಯಾಗಿ ಪ್ಲಗ್ಗಿಗೆ ಹಾಕಿ ಮೀಟರ್ ಹಿಡಿದೆ. ಒಳಗೆ ಕರೆಂಟು ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಸೊನ್ನೆ. ಪ್ಲಗ್ ಕಿತ್ತು, ಮತ್ತೆ ಹಾಕಿ, ಇನ್ನೊಮ್ಮೆ ನೋಡಿದೆ. ಸೊನ್ನೆ. ಅದರ ಬಾಯಿಯ ಸುತ್ತ ಕುಂಕುಮದ ಒಂದು ಕಣವೂ ಇರಲಿಲ್ಲ. ತಾನಾಗಿ ಕೆಟ್ಟಿತ್ತು. ವಾರಂಟಿ ಇರುವುದೇ ಹಾಗೆ ಕೆಡುವುದಕ್ಕೆ.

ಪವರ್ ಸಪ್ಲೈ ಕೂತಿದ್ದ ಜಾಗದಲ್ಲಿ, ಕೆಳಗೆ, ಎರಡನೆಯ ಚುಕ್ಕಿ ಇತ್ತು. ಇದೆಯೆಂದು ಟ್ರೈನಿಂಗಿನಲ್ಲಿ ಹೇಳಿದ್ದರು. ಮೊದಲನೆಯದು ಕೆಂಪಾದರೆ ಅಲ್ಲಿಗೆ ಮುಗಿಯುವುದರಿಂದ ಯಾರೂ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಅದು ಅಕ್ಕಿಕಾಳಿನ ಹಾಗೆ ಬೆಳ್ಳಗಿತ್ತು. ನೀರು ಒಳಗೆ ಬಂದಿದ್ದರೆ ಮೊದಲು ಇಳಿಯಬೇಕಾದದ್ದು ಅಲ್ಲಿಗೇ.

ಈಗ ನನ್ನ ಹತ್ತಿರ ಎಲ್ಲವೂ ಇತ್ತು, ಕಳಿಸಲು ದಾರಿ ಇರಲಿಲ್ಲ. ಆ್ಯಪ್‌ನಲ್ಲಿ ಕೇಸಿಗೆ ಬೀಗ ಬಿದ್ದಿತ್ತು. ಮರುಪರಿಶೀಲನೆಗೆ ಬರೆಯಬಹುದಾದವರು ಗ್ರಾಹಕರು ಮಾತ್ರ, ಅದೂ ತಮ್ಮದೇ ಫೋಟೋಗಳ ಜೊತೆ. ಇನ್‌ಸ್ಪೆಕ್ಟರ್ ಅವರಿಗೆ ಸಹಾಯ ಮಾಡಿದ್ದು ಗೊತ್ತಾದರೆ ಆತ ಯಾರ ಪರವೆಂಬ ಪ್ರಶ್ನೆ ಏಳುತ್ತದೆ.

ನಾನು ಮಗಳಿಗೆ ಹೇಳಿದೆ: "ನಿನ್ನ ಫೋನ್ ತೆಗಿ."

ಬಿಳಿ ಚುಕ್ಕಿಯ ಒಂದು ಫೋಟೋ. ಮೀಟರಿನಲ್ಲಿ ಸೊನ್ನೆ ತೋರಿಸುತ್ತಿರುವಾಗ ಒಂದು. ಕಾಗದದ ಮೇಲೆ ಹಳದಿಯಾದ ಕುಂಕುಮ ಒಂದು. ಏನು ಬರೆಯಬೇಕೆಂದು ವಾಕ್ಯ ವಾಕ್ಯವಾಗಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ತಂದೆಯ ಕಾಯಿಲೆಯನ್ನೂ ಬರೆಯುತ್ತೇನೆಂದಳು. ಬೇಡವೆಂದೆ, ವಾರಂಟಿಯವರು ಅದನ್ನು ಓದುವುದಿಲ್ಲ. ಅವಳು ಬರೆದಳು.

ಯಂತ್ರವನ್ನು ಮುಚ್ಚುವಾಗ ತಾಯಿ ಚಹಾ ತಂದಿಟ್ಟು ಎಲ್ಲರೂ ಕೇಳುವುದನ್ನು ಕೇಳಿದರು. "ಒಂದು ಮಾತು ಹೇಳಿ. ಈ ವಾರಂಟಿ ತಗೊಳ್ಳುದು ಒಳ್ಳೆದಾ, ದಂಡವಾ? ಇವಳು ವಾಷಿಂಗ್ ಮಶೀನಿಗೂ ತಗೊಳ್ಳುವ ಅಂತಾಳೆ."

"ನಾನು ಆಗ್ಲೇ ಹೇಳಿದ್ದೆ," ಎಂದರು ಗಂಡ. "ಹೊಸ ಸಾಮಾನು ಮನೆಗೆ ತರುವಾಗ್ಲೇ ಇದು ಕೆಡ್ತದೆ ಅಂತ ಬರೆಸಿಕೊಂಡು ಬರುದಾ? ಅಪಶಕುನ!"

ಲೋಕಲ್ ಟ್ರೈನಿನಲ್ಲೂ ಮದುವೆ ಮನೆಯಲ್ಲೂ ನನಗೆ ಇದೇ ಪ್ರಶ್ನೆ. ಸಿದ್ಧ ಉತ್ತರವೊಂದಿದೆ: ಬಿಚ್ಚಿ ಸರಿಮಾಡಲು ಕಷ್ಟವಾದ, ಬಿಡಿಭಾಗ ದುಬಾರಿಯಾದ ವಸ್ತುವಾದರೆ ಯೋಚಿಸಿ, ಅಗ್ಗದ್ದಕ್ಕೆ ಬೇಡ, ಯಾವುದಕ್ಕೆ ಕವರ್ ಇಲ್ಲ ಎಂಬ ಪುಟವನ್ನು ಮೊದಲು ಓದಿ. ಅಂದು ಅದನ್ನು ಹೇಳಲಿಲ್ಲ. "ಕಾಗದದಲ್ಲಿ ಬರೆದ ಹಾಗೆಯೇ ಕೆಡುವುದಾದರೆ ತಗೊಳ್ಳಿ ಅಕ್ಕಾ," ಎಂದೆ. ನಾನು ತಮಾಷೆ ಮಾಡಿದೆನೆಂದು ಅವರು ನಕ್ಕರು.

ಕೆಲವು ದಿನಗಳ ಮೇಲೆ ಐರೋಲಿಯಿಂದ ಕರೆ ಬಂತು, ಮಾತಾಡಲಿಕ್ಕಿದೆ, ಬನ್ನಿ ಎಂದು. ತೆರೆಯಲು ಬಾರದ ಗಾಜಿನ ಗೋಡೆಯ ಆಫೀಸು. ಮೇಡಂ ತಮ್ಮ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಮಗಳು ಕಳಿಸಿದ ಫೋಟೋ. ಮೀಟರಿನ ಕಡ್ಡಿ ಹಿಡಿದ ಎರಡು ಬೆರಳು, ಉಗುರಿನ ಸಂದಿಯಲ್ಲಿ ಕುಂಕುಮ.

"ಕೈ ಯಾರದ್ರಿ ಇದು?"

ನಾನು ಫೋಟೋದ ಕೆಳಗಿನ ಕೇಸ್ ನಂಬರ್ ಓದತೊಡಗಿದೆ.

"ನಮ್ಮಪ್ಪಂದು ಅಂತ ಬರದಾಳ ಹುಡುಗಿ. ಮ್ಯಾಲೆ, ಅಪ್ಪಗ ಲಕ್ವಾ ಹೊಡದೈತಿ, ಕೈ ಬಿದ್ದೈತಿ ಅಂತಾನೂ ಬರದಾಳ." ಅವರು ಚಿತ್ರವನ್ನು ದೊಡ್ಡದು ಮಾಡಿದರು. "ಲಕ್ವಾ ಹೊಡದ ಕೈ ಕಡ್ಡಿ ಹಿಂಗ ಗಟ್ಟಿ ಹಿಡಿತೈತೇನ್ರಿ?"

"ಹಿಡಿಯಲಿ ಅಂತಲೇ ಅವರಿಗೆ ಆ ಯಂತ್ರ ಬೇಕಾದದ್ದು ಮೇಡಂ."

ಹೀಗೆ ಹೇಳಿದೆನೆಂದು ನನಗೆ ಖಚಿತವಿಲ್ಲ. ಅಲ್ಲಿಂದ ಹೊರಟು ರಬಾಳೆಯ ಬ್ರಿಡ್ಜ್ ದಾಟುವಾಗ ಹೊಳೆದದ್ದನ್ನು ಆಮೇಲೆ ಒಳಗೆ ಸೇರಿಸಿದ್ದಿರಬಹುದು. ಮೇಡಂ ಸ್ವಲ್ಪ ಹೊತ್ತು ನನ್ನ ಉಗುರುಗಳನ್ನು ನೋಡಿದ್ದು ಮಾತ್ರ ನಿಜ. ತೊಳೆದಿದ್ದೆ. ಆದರೂ ಕೈಯನ್ನು ಮೇಜಿನ ಕೆಳಗೆ ಇಳಿಸಿದೆ.

"ಪವರ್ ಸಪ್ಲೈ ಸುಟ್ಟಿದ್ದು ಖರೆ ಐತಿ," ಎಂದರು ಕೊನೆಗೆ. "ಎರಡನೇ ಚುಕ್ಕಿ ಬಿಳಿ ಇದ್ದದ್ದೂ ಖರೆ. ಬ್ಯಾರೆ ಇನ್‌ಸ್ಪೆಕ್ಟರ್ ಹೋಗಿ ನೋಡಿ ಬಂದಾನ. ಅದೊಂದು ಭಾಗ ಪಾಸ್ ಮಾಡೀನಿ. ಕುಂಕುಮ ಅವರ ಖರ್ಚಿನಾಗ ಝಾಡಿಸಿಕೊಳ್ಳಲಿ." ಸ್ಕ್ರೀನನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಮತ್ತ ನೀವು, ಮುಂದಿನ ವಾರದಿಂದ ಇಲ್ಲೇ ಕೂಡ್ರಿ. ಫೀಲ್ಡ್ ಸಾಕು. ಶಿಕ್ಷಾ ಅಲ್ರಿ ಇದು, ಪ್ರಮೋಷನ್."

ಈಗ ನಾನು ಆ ಗಾಜಿನ ಹಿಂದೆ ಕೂರುತ್ತೇನೆ. ಬೇರೆಯವರ ಹೆಬ್ಬೆರಳು ಹೊಡೆದ ಚುಕ್ಕಿಗಳು ನನ್ನ ಸ್ಕ್ರೀನಿಗೆ ಬರುತ್ತವೆ. ಬಿಳಿ, ಬಿಳಿ, ಕೆಂಪು, ಬಿಳಿ. ಚುಕ್ಕಿಯ ಸುತ್ತ ಮನೆ ಕಾಣುವುದಿಲ್ಲ, ಕುರ್ಚಿ ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ಎರಡನೆಯ ಚುಕ್ಕಿ ನೋಡಿದಿರಾ ಎಂದು ಒಮ್ಮೊಮ್ಮೆ ಫೋನ್ ಮಾಡಿ ಕೇಳುತ್ತೇನೆ. ಟೈಮಿಲ್ಲ ಸರ್, ಲಾಕ್ ಆಗಿದೆ ಸರ್ ಎನ್ನುತ್ತಾರೆ. ನಾನು ಒತ್ತಾಯಿಸುವುದಿಲ್ಲ, ಒತ್ತಾಯಿಸಿದರೆ ಅವರ ಮುಂದಿನ ಕೇಸ್ ತಡವಾಗಿ, ಆ ದೂರೂ ನನ್ನ ಸ್ಕ್ರೀನಿಗೇ ಬರುತ್ತದೆ.

ಮರುವರ್ಷದ ಆಯುಧಪೂಜೆಯ ಸಂಜೆ, ಆಫೀಸಿನಿಂದ ಮರಳುವಾಗ ಠಾಣೆ ಕಡೆಯ ಲೋಕಲ್ ಟ್ರೈನಿನಲ್ಲಿ ನಿಂತಿದ್ದಾಗ ಕಾಮೋಠೆಯ ತಾಯಿ ಫೋನ್ ಮಾಡಿದರು. ನನ್ನ ನಂಬರನ್ನು ಮಗಳು ಇಟ್ಟುಕೊಂಡಿದ್ದಳಂತೆ.

"ಆಯುಧಪೂಜೆ ಬಂತಲ್ಲ. ಆ ಗೇಮಿಗೆ ಕುಂಕುಮ ಇಡ್ಬಹುದಾ ಕೇಳುವ ಅಂತ. ಇವರು ಬಿಡುವುದಿಲ್ಲ."

"ಅದು ಬಂದ ರಟ್ಟಿನ ಪೆಟ್ಟಿಗೆ ಇದೆಯಲ್ಲ ಅಕ್ಕಾ, ಅದಕ್ಕೆ ಇಡಿ. ಪೂಜೆ ಸಲ್ಲುತ್ತದೆ."

ಅತ್ತ ಕಡೆ ಏನೋ ಸದ್ದು. ಫೋನ್ ಕೈ ಬದಲಾಯಿತು. ಯಾವ ಕೈಗೆ ಎಂದು ಕೇಳಬೇಕಿತ್ತು, ಕೇಳಲಿಲ್ಲ.

"ಪೆಟ್ಟಿಗೆಗೆ ಎಂತಕ್ಕೆ ಪೂಜೆ?" ಗಂಡನ ದನಿ. "ಅದೆಂತ ಕಾರು ಓಡಿಸ್ತದಾ? ಆಗ್ಲೇ ಇಟ್ಟಾಯ್ತು ನಾನು, ಆ ಗೇಮಿಗೇ. ಇವಳಿಗೆ ಹೆದರಿಕೆ, ಅದಕ್ಕೆ ನಿಮಗೆ ಫೋನು. ಹೆದರ್ಬೇಡಿ ಮಾರಾಯ್ರೆ, ಒಂದು ಚಿಟಿಕೆ ಸಹ ಕೆಳಗೆ..."

ಗಾಡಿ ಆಗ ಯಾವುದೋ ಸ್ಟೇಷನ್ನಿಗೆ ನುಗ್ಗುತ್ತಿತ್ತು, ಇಳಿಯುವವರು ಹಿಂದಿನಿಂದ ಒತ್ತುತ್ತಿದ್ದರು. ಅವರು "ಬೀಳ್ಲಿಲ್ಲ" ಎಂದರೋ "ಬೀಳುದಿಲ್ಲ" ಎಂದರೋ ಕೇಳಿಸಲಿಲ್ಲ. ಮೊದಲನೆಯದಾದರೆ ಅಂದು ಬೆಳಿಗ್ಗೆ ಒಂದು ಸಲ ನಡೆದದ್ದು. ಎರಡನೆಯದಾದರೆ ಇನ್ನು ಯಾವಾಗಲೂ ಬೀಳುವುದಿಲ್ಲ, ಅಂದರೆ ಕೈ ಬಂದಿದೆ. ನಮ್ಮ ಆ್ಯಪ್‌ನಲ್ಲಾದರೆ ಎರಡರಲ್ಲಿ ಒಂದನ್ನು ಆರಿಸದೆ ಮುಂದಿನ ಪುಟ ತೆರೆಯುವುದಿಲ್ಲ. ನಾನು ಇಂದಿಗೂ ಆರಿಸಿಲ್ಲ.